ಒಂದೇ ರಾತ್ರಿಯಲ್ಲಿ ಐವತ್ತು ಪೌಂಡು

'ಫ್ರೆಂಡ್ಸ್' ಧಾರಾವಾಹಿಯ ಆರನೇ ಸೀಸನ್ ಮುಗಿಯುವುದು ಒಂದು ರಾತ್ರಿಯ ದೃಶ್ಯದಲ್ಲಿ. ತುಂಬ ಮೇಣದಬತ್ತಿ ಹಚ್ಚಿಟ್ಟ ಕೋಣೆಯಲ್ಲಿ ಮೋನಿಕಾ ಮತ್ತು ಚಾಂಡ್ಲರ್ ಮದುವೆಯ ಮಾತಿಗೆ ಒಪ್ಪಿಕೊಳ್ಳುತ್ತಾರೆ. ಏಳನೇ ಸೀಸನ್ ಶುರುವಾಗುವುದು ಅದೇ ರಾತ್ರಿ, ಅದೇ ಮನೆಯಲ್ಲಿ, ಅದೇ ಬಟ್ಟೆಯಲ್ಲಿ. ಬಟ್ಟೆಯೊಳಗಿನ ಮನುಷ್ಯ ಮಾತ್ರ ಬೇರೆ. ಎರಡು ಕಂತುಗಳ ಪ್ರಸಾರದ ನಡುವೆ 2000ನೇ ಇಸವಿಯ ಬೇಸಿಗೆ ಪೂರ್ತಿ ಕಳೆದಿತ್ತು. ಆ ರಜೆಯಲ್ಲಿ ತಾನು ಸುಮಾರು ಐವತ್ತು ಪೌಂಡು ಇಳಿದಿದ್ದಿರಬೇಕು ಎಂದು ಚಾಂಡ್ಲರ್ ಪಾತ್ರಧಾರಿ ಮ್ಯಾಥ್ಯೂ ಪೆರಿ 2022ರ ತಮ್ಮ ಆತ್ಮಕಥನದಲ್ಲಿ ಬರೆದರು. ಹತ್ತು ವರ್ಷಗಳ ಆ ಸರಣಿಯಲ್ಲಿ ಅವರ ತೂಕ 128 ಪೌಂಡಿನಿಂದ 225 ಪೌಂಡಿನವರೆಗೆ, ಅಂದರೆ ಹೆಚ್ಚುಕಡಿಮೆ 58 ಕಿಲೋದಿಂದ 102 ಕಿಲೋವರೆಗೆ, ಹತ್ತಿ ಇಳಿದಿತ್ತು. ದಪ್ಪಗೆ ಕಂಡರೆ ಕುಡಿತದ ವರ್ಷ, ಸಣಕಲಾಗಿ ಕಂಡರೆ ಮಾತ್ರೆಗಳ ವರ್ಷ, ಗಲ್ಲದ ಮೇಲೆ ಗಡ್ಡವಿದ್ದರೆ ಮಾತ್ರೆ ಬಹಳವಾಗಿದ್ದ ವರ್ಷ ಎಂದು ಅವರೇ ಲೆಕ್ಕ ಬಿಡಿಸಿಟ್ಟರು. ಚಿತ್ರೀಕರಣದ ಸೆಟ್ಟಿನಲ್ಲಿ ಕಂಟಿನ್ಯೂಟಿ ನೋಡಿಕೊಳ್ಳಲೆಂದೇ ಒಬ್ಬರು ಇರುತ್ತಾರೆ. ಕಳೆದ ಶಾಟ್‌ನಲ್ಲಿ ಅಂಗಿಯ ತೋಳು ಎಷ್ಟು ಮಡಿಸಿತ್ತು, ಕೈಯಲ್ಲಿ ಎಷ್ಟು ಬಳೆ ಇತ್ತು, ಲೋಟದಲ್ಲಿ ನೀರು ಯಾವ ಮಟ್ಟಕ್ಕಿತ್ತು, ಎಲ್ಲವನ್ನೂ ಫೋಟೋ ತೆಗೆದು ಬರೆದಿಡುವ ಕೆಲಸ ಅವರದು. ಅಷ್ಟೆಲ್ಲ ಬರೆದಿಟ್ಟರೂ ನಟನ ದೇಹಕ್ಕೆ ಕಂಟಿನ್ಯೂಟಿ ತರುವುದು ಅವರ ಕೈಯಲ್ಲಿಲ್ಲ.

ದೀರ್ಘ ಧಾರಾವಾಹಿಗಳಲ್ಲಿ ಕಲಾವಿದರ ರೂಪ ಬದಲಾಗುವುದು ಸಾಮಾನ್ಯವಾಗಿ ಗಾಸಿಪ್ಪಿನ ಸರಕಾಗಿಯೇ ಚಲಾವಣೆಯಲ್ಲಿದೆ. ಆಗ ಹೇಗಿದ್ದರು, ಈಗ ಹೇಗಾದರು ಎಂದು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಬಾಯಿ ಚಪ್ಪರಿಸುವುದಕ್ಕೆ ಅದು ಬಳಕೆಯಾಗುತ್ತದೆ. ನನಗೆ ಇದು ಆ ಮಾಧ್ಯಮದ ಸ್ವರೂಪಕ್ಕೇ ಸಂಬಂಧಿಸಿದ ಪ್ರಶ್ನೆಯಾಗಿ ಕಾಣುತ್ತದೆ. ಸಿನಿಮಾದ ಚಿತ್ರೀಕರಣ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ನಾಯಕ ಆ ಒಂದು ವಯಸ್ಸಿನಲ್ಲೇ ಶಾಶ್ವತವಾಗಿ ನಿಲ್ಲುತ್ತಾನೆ. ರಂಗಭೂಮಿಯಲ್ಲಿ ದೂರವೂ ಬಣ್ಣವೂ ಅನೇಕ ಸಂಗತಿಗಳನ್ನು ಮುಚ್ಚುತ್ತವೆ. ಒಂದು ಪಾತ್ರಕ್ಕೆ ಒಂದೇ ದೇಹವನ್ನು ಹತ್ತಿಪ್ಪತ್ತು ವರ್ಷ ಕಟ್ಟಿಹಾಕಿ, ಅದನ್ನು ವಾರವಾರವೂ ಕ್ಲೋಸ್‌ಅಪ್‌ನಲ್ಲಿ ಮನೆಯೊಳಗೆ ತಂದು ನಿಲ್ಲಿಸುವುದು ಧಾರಾವಾಹಿ ಮಾತ್ರ. ಹೀಗಾಗಿ ಅಲ್ಲಿ ಕಥೆಯ ಕಾಲ ಒಂದು, ದೇಹದ ಕಾಲ ಇನ್ನೊಂದು. ಎರಡೂ ಒಂದೇ ವೇಗದಲ್ಲಿ ನಡೆಯುವುದು ಅಪರೂಪ. 'ಟೀವಿ ಅವರನ್ನು ಬದಲಾಯಿಸಿಬಿಟ್ಟಿತು' ಎಂದು ನಾವು ಹೇಳುವುದು ಬಹುಪಾಲು ಈ ಎರಡರ ನಡುವಿನ ಅಂತರವನ್ನು ಕಂಡು. ಆ ಅಂತರವನ್ನು ಕಥೆಯೊಳಕ್ಕೆ ಬರಮಾಡಿಕೊಂಡ ಸರಣಿಗಳು ಗೆದ್ದಿವೆ. ಮುಚ್ಚಿಡಲು ಹೋದವು ಕಲಾವಿದರ ದೇಹವನ್ನೇ ತಪ್ಪಿತಸ್ಥನನ್ನಾಗಿ ಮಾಡಿವೆ. ಆ ಮುಚ್ಚುವಿಕೆಯ ಖರ್ಚನ್ನು ಹೆಚ್ಚಾಗಿ ತೆತ್ತವರು ಹೆಂಗಸರು ಮತ್ತು ಮಕ್ಕಳು.

ಮೊದಲಿಗೆ ಎಲ್ಲ ಬದಲಾವಣೆಯೂ ದೇಹದ್ದಲ್ಲ ಎಂಬುದನ್ನು ಒಪ್ಪಬೇಕು. ಅರ್ಧ ಬೆಳಕಿನದು, ದುಡ್ಡಿನದು. 1951ರಲ್ಲಿ 'ಐ ಲವ್ ಲೂಸಿ' ಶುರುವಾದಾಗ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಮೂರು ಕ್ಯಾಮರಾಗಳಿಗೂ ಏಕಕಾಲಕ್ಕೆ ಸರಿಹೊಂದುವಂತೆ ಇಡೀ ಸೆಟ್ಟಿಗೆ ಮೇಲಿನಿಂದ ಸಮನಾದ ಬೆಳಕು ಹರಡಿದರು. ನೆರಳಿಲ್ಲದ ಕಡೆ ಸುಕ್ಕೂ ಕಡಿಮೆ. ಹಾಸ್ಯ ಧಾರಾವಾಹಿಗಳ ಮುಖಗಳು ದಶಕಗಳ ಕಾಲ ಅಷ್ಟು ನುಣುಪಾಗಿ ಉಳಿದದ್ದರಲ್ಲಿ ಈ ಬೆಳಕಿನ ಪಾಲು ದೊಡ್ಡದು. ಆಮೇಲೆ ಹೈ ಡೆಫಿನಿಷನ್ ಬಂತು. ನಮ್ಮ ಹಳೆಯ ಟೀವಿಯ 576 ಗೆರೆಗಳ ಚಿತ್ರದಲ್ಲಿ ಕರಗಿಹೋಗುತ್ತಿದ್ದ ರಂಧ್ರ, ಕಲೆ, ಮೇಕಪ್ಪಿನ ಅಂಚು 1080 ಗೆರೆಗಳಲ್ಲಿ ಎದ್ದು ಕಂಡವು. ದಪ್ಪ ಪ್ಯಾನ್‌ಕೇಕಿನ ಬದಲು ತೆಳುವಾಗಿ ಸಿಂಪಡಿಸುವ ಮೇಕಪ್ ಬಂತು. ಅಗಲ ಪರದೆ ಹೊಸದಾಗಿ ಬಂದ ಕಾಲದಲ್ಲಿ ಹಳೆಯ ಚೌಕಾಕಾರದ ಚಿತ್ರವನ್ನು ಎಳೆದು ಹಿಗ್ಗಿಸಿ ನೋಡಿದ ಮನೆಗಳಲ್ಲಂತೂ ಪರದೆಯ ಮೇಲಿದ್ದವರೆಲ್ಲ ರಾತ್ರೋರಾತ್ರಿ ದಪ್ಪಗಾದರು. ಇನ್ನು ಯಶಸ್ಸು. ಮೊದಲ ವರ್ಷ ಹೊಸಬರಾಗಿ, ಸಿಕ್ಕ ಬಟ್ಟೆ ತೊಟ್ಟು ಬಂದವರಿಗೆ ಮೂರನೇ ವರ್ಷದ ಹೊತ್ತಿಗೆ ತಮ್ಮದೇ ಕೇಶವಿನ್ಯಾಸಕರು, ವ್ಯಾಯಾಮ ಗುರು, ಹಲ್ಲಿನ ಡಾಕ್ಟರು ಇರುತ್ತಾರೆ. ಜೆನಿಫರ್ ಆನಿಸ್ಟನ್ ಅವರ ಕೂದಲಿಗೆ ಕ್ರಿಸ್ ಮೆಕ್‌ಮಿಲನ್ ಕೊಟ್ಟ ಆಕಾರ ಪಾತ್ರದ ಹೆಸರಿನಲ್ಲೇ 'ರೇಚಲ್' ಎಂದು ಸಲೂನುಗಳಿಗೆ ಹೋಯಿತು. ಕಾಫಿ ಅಂಗಡಿಯಲ್ಲಿ ಲೋಟ ಎತ್ತುವ ಹುಡುಗಿಗೆ ಅಷ್ಟು ದುಬಾರಿ ತಲೆಗೂದಲು ಎಲ್ಲಿಂದ ಬಂತು ಎಂದು ಕಥೆ ಕೇಳಿಕೊಳ್ಳಲಿಲ್ಲ.

ಇವೆಲ್ಲ ಕಳೆದರೂ ಉಳಿಯುವುದು ವಯಸ್ಸು, ಕಾಯಿಲೆ, ಬಸಿರು, ಬೆಳವಣಿಗೆ. ಇಲ್ಲಿ ಅಮೆರಿಕದ ಪದ್ಧತಿಗೂ ನಮ್ಮದಕ್ಕೂ ಒಂದು ವ್ಯತ್ಯಾಸ ಇದೆ. ಅಲ್ಲಿ ಸೀಸನ್ ಮುಗಿದು ತಿಂಗಳುಗಟ್ಟಲೆ ರಜೆ. ಕಥೆ ನಿಂತ ಜಾಗದಿಂದಲೇ ಮುಂದುವರಿದರೆ ಆ ರಜೆಯ ದೇಹ ತಟ್ಟನೆ ಸಿಕ್ಕಿಬೀಳುತ್ತದೆ, ಪೆರಿಯವರಿಗೆ ಆದ ಹಾಗೆ. ನಮ್ಮ ದಿನವಹಿ ಧಾರಾವಾಹಿಗೆ ಬಿಡುವೇ ಇಲ್ಲ. ವಾರಕ್ಕೆ ಐದಾರು ಕಂತಿನಂತೆ ವರ್ಷಗಟ್ಟಲೆ ಓಡುವಾಗ ಬದಲಾವಣೆ ಯಾರ ಕಣ್ಣಿಗೂ ಬೀಳದಷ್ಟು ನಿಧಾನ. ಮನೆಯ ಮಗುವಿನ ಎತ್ತರ ಊರಿನಿಂದ ಬಂದ ನೆಂಟರಿಗೆ ಕಾಣುವಂತೆ, ಆರು ತಿಂಗಳು ನೋಡದೆ ಮತ್ತೆ ಹಚ್ಚಿದವರಿಗಷ್ಟೇ ಗೊತ್ತಾಗುತ್ತದೆ. ದಿನವಹಿ ಅಲ್ಲದ ಪತ್ತೇದಾರಿ ಸರಣಿ 'ಸಿಐಡಿ' 1998ರಿಂದ 2018ರವರೆಗೆ ಓಡಿತು. 2024ರ ಕೊನೆಗೆ ಮತ್ತೆ ಬಂತು. ಶಿವಾಜಿ ಸಾಟಮ್ ಅವರ ಎಸಿಪಿ, ತುಳುನಾಡಿನ ಮೂಲದ ದಯಾನಂದ ಶೆಟ್ಟಿ ಅವರ ಬಾಗಿಲು ಒಡೆಯುವ ಇನ್‌ಸ್ಪೆಕ್ಟರ್ ಇಬ್ಬರಿಗೂ ಆ ಇಪ್ಪತ್ತು ವರ್ಷದಲ್ಲಿ ವಯಸ್ಸಾಯಿತು, ಆದರೆ ನೋಡುಗರಿಗೆ ಅದು ಸುದ್ದಿಯಾಗಲಿಲ್ಲ. ಪ್ರತಿ ಕಂತಿಗೂ ಹೊಸ ಕೊಲೆ, ಕಥೆಯಲ್ಲಿ ಕಾಲವೇ ಇಲ್ಲ. ಹಾಗಾಗಿ ದೇಹದ ಕಾಲಕ್ಕೆ ಹೋಲಿಸಲು ಇನ್ನೊಂದು ಕಾಲವೂ ಇರಲಿಲ್ಲ. (ಇಪ್ಪತ್ತು ವರ್ಷ ಕೊಲೆಗಡುಕರನ್ನು ಹಿಡಿದರೂ ಆ ಠಾಣೆಯಲ್ಲಿ ಬಡ್ತಿ ಮಾತ್ರ ಯಾಕೋ ಬಲು ಕಷ್ಟ.)

ಕಥೆಯ ಕಾಲಕ್ಕೆ ಖಚಿತವಾದ ಗಡಿ ಇದ್ದಾಗ ಬಿಕ್ಕಟ್ಟು ಜೋರಾಗುತ್ತದೆ. ಕೊರಿಯಾ ಯುದ್ಧ ನಡೆದದ್ದು 1950ರ ಜೂನಿನಿಂದ 1953ರ ಜುಲೈವರೆಗೆ, ಬರೀ ಮೂರು ವರ್ಷ. ಅದರ ಸೇನಾ ಆಸ್ಪತ್ರೆಯ ಕಥೆಯಾದ 'ಮ್ಯಾಶ್' 1972ರಿಂದ 1983ರವರೆಗೆ ಹನ್ನೊಂದು ಸೀಸನ್ ನಡೆಯಿತು. ಶುರುವಾದಾಗ ಮೂವತ್ತಾರರ ನಾಯಕ ನಟ ಅಲನ್ ಆಲ್ಡಾಗೆ ಮುಗಿಸುವಾಗ ನಲವತ್ತೇಳು, ಕೂದಲು ನೆರೆತಿತ್ತು. ಯುದ್ಧದ ದಣಿವೇ ಆ ನರೆಗೆ ಕಾರಣ ಎಂದು ನೋಡುಗರು ತಾವೇ ಅರ್ಥ ಹಚ್ಚಿಕೊಂಡರು. ಯುವಕ ಮುದಿಯಾಗುವುದನ್ನು ಯುದ್ಧದ ಕಥೆ ಅರಗಿಸಿಕೊಳ್ಳಬಲ್ಲದು. ಆದರೆ ಹುಡುಗ ಗಂಡಸಾಗುವುದನ್ನು ಹೇಗೆ ಅರಗಿಸಿಕೊಳ್ಳುವುದು? 2004ರಲ್ಲಿ ಶುರುವಾದ 'ಲಾಸ್ಟ್'ನಲ್ಲಿ ವಿಮಾನ ಬಿದ್ದ ದ್ವೀಪದ ಕೆಲವೇ ವಾರಗಳು ವರ್ಷಗಟ್ಟಲೆ ಪ್ರಸಾರವಾದವು. ವಾಲ್ಟ್ ಪಾತ್ರದ ಹುಡುಗ ಆ ಹೊತ್ತಿಗೆ ಹದಿಹರೆಯಕ್ಕೆ ಕಾಲಿಟ್ಟಿದ್ದ. ಅವನನ್ನು ಮೊದಲ ಸೀಸನ್ನಿನ ಕೊನೆಗೇ ಅಪಹರಣ ಮಾಡಿಸಿ ಕಥೆಯ ಬದಿಗೆ ಸರಿಸಲಾಯಿತು. 'ಗೇಮ್ ಆಫ್ ಥ್ರೋನ್ಸ್'ನ ಐದನೇ ಸೀಸನ್ನಿನಲ್ಲಿ ಬಾಲಕ ಬ್ರಾನ್ ಕಾಣಿಸಿಕೊಳ್ಳಲೇ ಇಲ್ಲ; ಆರನೆಯದಕ್ಕೆ ಬಂದಾಗ ಆತ ಬೇರೆಯೇ ಎತ್ತರದ ಯುವಕ. 'ಸ್ಟ್ರೇಂಜರ್ ಥಿಂಗ್ಸ್' ಕಥೆಯಲ್ಲಿ 1983ರಿಂದ 1987, ಪ್ರಸಾರದಲ್ಲಿ 2016ರಿಂದ 2025. ನಾಲ್ಕು ವರ್ಷದ ಕಥೆಗೆ ಒಂಬತ್ತು ವರ್ಷದ ದೇಹ. ಸೈಕಲ್ ತುಳಿಯುತ್ತಿದ್ದ ಮಕ್ಕಳು ಕೊನೆಗೆ ಮಕ್ಕಳ ಪಾತ್ರ ಮಾಡುತ್ತಿರುವ ದೊಡ್ಡವರಾದರು.

ನಮ್ಮ ಧಾರಾವಾಹಿಗಳು ಈ ಗಣಿತವನ್ನು ತಲೆಕೆಳಗು ಮಾಡಿದವು. ಇಲ್ಲಿ ದೇಹಕ್ಕಿಂತ ಕಥೆಯೇ ಮುಂದೆ ಓಡುತ್ತದೆ. ಟಿಆರ್‌ಪಿ ಕುಸಿದರೆ ಲೀಪ್: ಸೋಮವಾರದ ಕಂತಿಗೂ ಮಂಗಳವಾರದ ಕಂತಿಗೂ ನಡುವೆ ಹತ್ತೋ ಇಪ್ಪತ್ತೋ ವರ್ಷ. 2000ದ ಜುಲೈಯಲ್ಲಿ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' ಶುರುವಾದಾಗ ಸ್ಮೃತಿ ಇರಾನಿ ಅವರಿಗೆ ಇಪ್ಪತ್ತನಾಲ್ಕು. 2008ರಲ್ಲಿ ಅದು ಮುಗಿಯುವ ಹೊತ್ತಿಗೆ ಅವರ ತುಳಸಿ ಸೊಸೆಯಾಗಿ, ಅತ್ತೆಯಾಗಿ, ಅಜ್ಜಿಯೂ ಆಗಿದ್ದಳು. ನಟಿಗೆ ಇನ್ನೂ ಮೂವತ್ತೆರಡು. ವಯಸ್ಸಿನ ಗುರುತಾಗಿ ಬಂದದ್ದು ಬೈತಲೆಯ ಪಕ್ಕ ಎಳೆದ ಬಿಳಿ ಗೆರೆ, ಒಂದು ಕನ್ನಡಕ, ಸೀರೆಯ ಬಣ್ಣದ ಬದಲಾವಣೆ. ಕೆನ್ನೆ, ಕುತ್ತಿಗೆ, ಕೈಬೆರಳು ಯೌವನದಲ್ಲೇ ಇದ್ದವು. ಗಂಡ ಮಿಹಿರನ ಮುಖವೋ ಅಮರ್ ಉಪಾಧ್ಯಾಯರಿಂದ ಇಂದರ್ ಕುಮಾರರಿಗೆ, ಅವರಿಂದ ರೋನಿತ್ ರಾಯ್ ಅವರಿಗೆ ದಾಟಿತು. ಎಷ್ಟು ಲೀಪ್ ಬಂದರೂ ಸುಧಾ ಶಿವಪುರಿ ಅವರ ಬಾ ಬದುಕಿಯೇ ಇದ್ದರು. ಅವರ ವಯಸ್ಸೆಷ್ಟು ಎಂಬುದು ದೇಶದ ತಮಾಷೆಯಾಯಿತು. ಅದೇ ಧಾರಾವಾಹಿ 2025ರ ಜುಲೈಯಲ್ಲಿ ಮರಳಿದಾಗ ಸ್ಮೃತಿ ಅವರಿಗೆ ನಲವತ್ತೊಂಬತ್ತು. ಪಾತ್ರದ ವಯಸ್ಸಿಗೆ ನಟಿಯ ವಯಸ್ಸು ಹತ್ತಿರ ಬರಲು ಕಾಲು ಶತಮಾನ ಬೇಕಾಯಿತು.

ಕನ್ನಡದಲ್ಲಿ ಇದಕ್ಕೆ ಸ್ಪಷ್ಟ ಉದಾಹರಣೆ 'ಪುಟ್ಟಗೌರಿ ಮದುವೆ'. ಹಿಂದಿಯ 'ಬಾಲಿಕಾ ವಧು'ವಿನ ಈ ಕನ್ನಡ ರೂಪ 2012ರಲ್ಲಿ ಆಗಿನ ಈಟಿವಿ ಕನ್ನಡದಲ್ಲಿ, ಈಗಿನ ಕಲರ್ಸ್ ಕನ್ನಡದಲ್ಲಿ, ಶುರುವಾಯಿತು. ಬಾಲ್ಯವಿವಾಹದ ಕಥೆ ಎಂದ ಮೇಲೆ ಹುಡುಗಿ ಬೆಳೆಯಲೇಬೇಕು. ಬೆಳೆಯುವುದೇ ಅಲ್ಲಿ ವಸ್ತು. ಆದರೂ ಸಾನ್ಯಾ ಅಯ್ಯರ್ ಅವರ ಪುಟ್ಟ ಗೌರಿ ತೆರೆಯ ಮೇಲೆ ಬೆಳೆದು ದೊಡ್ಡವಳಾಗಲಿಲ್ಲ. ಲೀಪ್ ಬಂದು ರಂಜನಿ ರಾಘವನ್ ಅವರ ಗೌರಿ ಆ ಜಾಗಕ್ಕೆ ಬಂದಳು. ಹಿಂದಿಯಲ್ಲಿ 2010ರಲ್ಲಿ ಅವಿಕಾ ಗೋರ್ ಅವರ ಜಾಗಕ್ಕೆ ಪ್ರತ್ಯೂಷಾ ಬ್ಯಾನರ್ಜಿ ಬಂದದ್ದೂ ಹೀಗೆಯೇ. ರಂಜನಿ ಅವರನ್ನು ನೋಡುಗರು ಮನಸಾರೆ ಒಪ್ಪಿಕೊಂಡರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗುವಿನ ಮದುವೆ ಯಾಕೆ ಕೂಡದು ಎಂಬುದಕ್ಕೆ ಅತಿ ಬಲವಾದ ಸಾಕ್ಷಿ, ಹನ್ನೆರಡರಿಂದ ಹದಿನೆಂಟರವರೆಗೆ ಒಂದೇ ಹುಡುಗಿಯ ಮುಖದ ಮೇಲೆ ನಡೆಯುವ ಬದಲಾವಣೆ. ಆ ಸಾಕ್ಷಿಯನ್ನು ಹಾಜರುಪಡಿಸಲು ಬೇರೆ ಕಲೆಗಳಿಗೆ ಆಗುವುದು ಅಪರೂಪ. ಧಾರಾವಾಹಿಗೆ ಆಗುತ್ತಿತ್ತು, ಅದು ಬೇಡವೆಂದಿತು. ನಾಯಕಿ ಆದಷ್ಟು ಬೇಗ ಪ್ರೇಮಕಥೆಗೆ ಒದಗಬೇಕೆಂಬ ಅವಸರ ಅದಕ್ಕೆ ಕಾರಣ ಎಂದು ಊಹಿಸುವುದು ಕಷ್ಟವಲ್ಲ.

ಹೆಂಗಸರ ವಿಚಾರಕ್ಕೆ ಬಂದರೆ ಚರಿತ್ರೆ ಇನ್ನೂ ಸ್ಪಷ್ಟ. 1952ರಲ್ಲಿ 'ಐ ಲವ್ ಲೂಸಿ'ಯ ಲೂಸಿಲ್ ಬಾಲ್ ಬಸುರಿಯಾದಾಗ ಸರಣಿ ಅದನ್ನು ಕಥೆಗೇ ತಂದಿತು. ಬಸಿರನ್ನು ನೇರವಾಗಿ ಹೆಸರಿಸುವ ಪದ ವಾಹಿನಿಗೆ ನಿಷಿದ್ಧವಾಗಿತ್ತು. ಪಾತ್ರಗಳು ಸುತ್ತಿಬಳಸಿ ಹೇಳಬೇಕಾಯಿತು. 1953ರ ಜನವರಿ 19ರಂದು ಲೂಸಿಗೆ ಮಗುವಾದ ಕಂತು ಪ್ರಸಾರವಾಯಿತು. ಅದೇ ದಿನ ಆಸ್ಪತ್ರೆಯಲ್ಲಿ ಬಾಲ್ ಅವರಿಗೂ ಗಂಡುಮಗು ಹುಟ್ಟಿತು. ಸುಮಾರು 4.4 ಕೋಟಿ ಜನ ನೋಡಿದರು. ಇಷ್ಟು ದೊಡ್ಡ ಪಾಠವನ್ನು ಉದ್ಯಮ ಕಲಿಯಿತೇ ಎಂದರೆ ಇಲ್ಲ. ನಲವತ್ತು ವರ್ಷದ ಮೇಲೆ 'ಸೈನ್‌ಫೆಲ್ಡ್'ನ ಜೂಲಿಯಾ ಲೂಯಿ-ಡ್ರೈಫಸ್ ಬಸುರಿಯಾದಾಗ ಸೋಫಾ, ಕುರ್ಚಿ, ದೊಡ್ಡ ಕೋಟು, ಕೈಯಲ್ಲಿನ ಪೆಟ್ಟಿಗೆಗಳ ಹಿಂದೆ ಹೊಟ್ಟೆಯನ್ನು ಬಚ್ಚಿಡಲಾಯಿತು. ಈ ಸಲ ಪಾತ್ರ ದಪ್ಪಗಾಗುತ್ತಿದೆ ಎಂದೇ ಬರೆಯೋಣವೇ ಎಂದು ಜೆರಿ ಸೈನ್‌ಫೆಲ್ಡ್ ಕೇಳಿದಾಗ ತಾನು ಅತ್ತುಬಿಟ್ಟೆ, ಈಗ ಯೋಚಿಸಿದರೆ ಅದು ಒಳ್ಳೆಯ ಐಡಿಯಾ ಆಗಿತ್ತು ಎಂದು ಆಕೆ ಆಮೇಲೆ ಹೇಳಿಕೊಂಡಿದ್ದಾರೆ. ಆ ಅಳುವಿಗೂ ಕಾರಣವಿದೆ. ದಪ್ಪಗಾಗುವುದು ಹೆಣ್ಣಿಗೆ ಕಥೆಯಲ್ಲಿ ಬರೀ ನಗೆಪಾಟಲಿನ ವಿಷಯ ಎಂಬ ಅನುಭವ ಯಾವ ನಟಿಗಿಲ್ಲ? 'ಫ್ರೆಂಡ್ಸ್' ಒಂದರಲ್ಲೇ ಎರಡೂ ದಾರಿ ಸಿಗುತ್ತವೆ. ಲೀಸಾ ಕೂಡ್ರೋ ಬಸುರಿಯಾದಾಗ ಫೀಬಿ ತಮ್ಮನ ಮಕ್ಕಳನ್ನು ಹೊತ್ತು ಹೆರುವ ಕಥೆ ಹುಟ್ಟಿತು, ಸರಣಿಯ ಒಳ್ಳೆಯ ಭಾಗಗಳಲ್ಲಿ ಅದೂ ಒಂದು. ಕೊನೆಯ ಸೀಸನ್ನಿನಲ್ಲಿ ಕರ್ಟ್ನಿ ಕಾಕ್ಸ್ ಬಸುರಿಯಾದಾಗ ಮೋನಿಕಾಗೆ ಮಕ್ಕಳಾಗುವುದಿಲ್ಲ ಎಂದು ಕಥೆ ಆಗಲೇ ತೀರ್ಮಾನಿಸಿಬಿಟ್ಟಿತ್ತು. ಸಡಿಲ ಬಟ್ಟೆಯೇ ಗತಿಯಾಯಿತು. ಇದೇ ಕಾಕ್ಸ್ ಅವರಿಗೆ ಹಿಂದೆ ರಬ್ಬರಿನ ದಪ್ಪ ದೇಹ ತೊಡಿಸಿ, ಮೋನಿಕಾಳ ಹಳೆಯ ತೂಕದ ಮೇಲೆ ಕಂತುಗಟ್ಟಲೆ ನಗಿಸಿದ್ದರು. ಪಕ್ಕದಲ್ಲೇ ಚಾಂಡ್ಲರನ ನಿಜವಾದ ದೇಹ ಹತ್ತಿ ಇಳಿಯುತ್ತಿದ್ದುದಕ್ಕೆ ಮಾತ್ರ ಕಥೆಯಲ್ಲಿ ಜಾಗ ಸಿಗಲಿಲ್ಲ.

ಬದಲಾವಣೆಯನ್ನು ಕಥೆಯೊಳಕ್ಕೆ ಕರೆದುಕೊಂಡದ್ದಕ್ಕೆ ನಾನು ಕಂಡ ಅತ್ಯುತ್ತಮ ನಿದರ್ಶನ 'ದ ವಾಲ್ಟನ್ಸ್'. ಅಜ್ಜಿಯ ಪಾತ್ರದ ಎಲೆನ್ ಕಾರ್ಬಿ ಅವರಿಗೆ 1976ರ ಕೊನೆಯಲ್ಲಿ ಪಾರ್ಶ್ವವಾಯು ಬಡಿದು ಮಾತು ಬಹುಪಾಲು ಹೋಯಿತು. ಬೇರೆ ನಟಿಯನ್ನು ತರಬಹುದಿತ್ತು. ತರಲಿಲ್ಲ. 1978ರಲ್ಲಿ ಕಾರ್ಬಿ ಅದೇ ಸ್ಥಿತಿಯಲ್ಲಿ ಮರಳಿದರು. ಪಾತ್ರಕ್ಕೂ ಪಾರ್ಶ್ವವಾಯು ಬಂದಿತ್ತು. ಒಂದೊಂದು ಶಬ್ದವನ್ನು ಕಷ್ಟಪಟ್ಟು ಹೊರಡಿಸುವ ಆ ಅಜ್ಜಿಗೆ ಮನೆಯವರೆಲ್ಲ ಕಿವಿಗೊಡುವ ದೃಶ್ಯಗಳಲ್ಲಿ ನಟನೆ ಎಲ್ಲಿ ಮುಗಿದು ನಿಜ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಇದಕ್ಕೆ ಎದುರಾಗಿ 'ಡೈನಾಸ್ಟಿ'ಯನ್ನು ನೋಡಿ: ಸ್ಟೀವನ್ ಪಾತ್ರದ ಅಲ್ ಕಾರ್ಲಿ ಬಿಟ್ಟುಹೋದಾಗ ಎಣ್ಣೆಬಾವಿಯ ಸ್ಫೋಟ, ಪ್ಲಾಸ್ಟಿಕ್ ಸರ್ಜರಿ, ಜಾಕ್ ಕೋಲ್ಮನ್ ಅವರ ಹೊಸ ಮುಖ. ಈ ಸರ್ಜರಿ ತಂತ್ರ ಆಮೇಲೆ ನಮ್ಮ ಧಾರಾವಾಹಿಗಳಿಗೂ ಮನೆಮದ್ದಾಯಿತು.

ನನ್ನ ಈ ವಾದಕ್ಕೊಂದು ಗಟ್ಟಿ ಆಕ್ಷೇಪಣೆ ಇದೆ. ಕಲೆ ಎಂದರೆ ಒಪ್ಪಂದ. ದೇಹದ ವಯಸ್ಸನ್ನು ಯಾರು ಕೇಳುತ್ತಾರೆ? ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದ ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪ್ರೇಕ್ಷಕರು ಜನ್ಮದಿನಾಂಕ ಕೇಳಲಿಲ್ಲ, ಕುಣಿತ ಕೇಳಿದರು. ಟೀವಿಯಲ್ಲೂ ಇದಕ್ಕೆ ಆಧಾರ ಸಿಗುತ್ತದೆ. 'ಬೆಟರ್ ಕಾಲ್ ಸಾಲ್' ನಡೆಯುವುದು 'ಬ್ರೇಕಿಂಗ್ ಬ್ಯಾಡ್'ಗಿಂತ ಆರು ವರ್ಷ ಹಿಂದೆ, ಚಿತ್ರೀಕರಣವಾದದ್ದು ಅದರ ನಂತರ. 2015ರಲ್ಲಿ ಅದು ಆರಂಭವಾದಾಗ ಐವತ್ತೆರಡರ ಬಾಬ್ ಓಡೆನ್‌ಕರ್ಕ್ ತಮ್ಮ ಹಳೆಯ ಪಾತ್ರಕ್ಕಿಂತ ಎಳೆಯನಾಗಿ, ಅರವತ್ತೆಂಟರ ಜೊನಾಥನ್ ಬ್ಯಾಂಕ್ಸ್ ಇನ್ನೂ ಚುರುಕಿನ ಮೈಕ್ ಆಗಿ ಕಾಣಿಸಿಕೊಂಡರು. ಲೆಕ್ಕಕ್ಕೆ ತಾಳೆಯಾಗದು, ಯಾರೂ ಎದ್ದುಹೋಗಲಿಲ್ಲ. ಈ ಆಕ್ಷೇಪಣೆಯನ್ನು ನಾನು ಮುಕ್ಕಾಲು ಭಾಗ ಒಪ್ಪುತ್ತೇನೆ. ಆದರೆ ಯಕ್ಷಗಾನದಲ್ಲಿ ಒಪ್ಪಂದ ಬಯಲಾಟದಷ್ಟೇ ಬಯಲಾಗಿದೆ: ಮುಖದ ಬಣ್ಣವೇ ಇದು ಮುಖವಲ್ಲ, ವೇಷ ಎಂದು ಸಾರುತ್ತದೆ. 'ಬೆಟರ್ ಕಾಲ್ ಸಾಲ್' ಕೂಡ ವಯಸ್ಸನ್ನು ಮುಚ್ಚಲು ಹೆಣಗಲಿಲ್ಲ, ಸುಕ್ಕುಗಳನ್ನು ಸುಕ್ಕುಗಳಾಗಿಯೇ ಬಿಟ್ಟಿತು. ದಿನನಿತ್ಯದ ಧಾರಾವಾಹಿ ಹಾಗಲ್ಲ. ಇದು ನಿಮ್ಮ ಪಕ್ಕದ ಮನೆ, ಇವರು ನಿಮ್ಮವರೇ ಎಂದು ನಂಬಿಸುವುದೇ ಅದರ ವ್ಯಾಪಾರ. ಅಷ್ಟು ಹತ್ತಿರ ಬಂದು ನಿಂತ ಮೇಲೆ ಮೈಮೇಲಿನ ಬದಲಾವಣೆಯನ್ನು ನೋಡಬೇಡಿ ಎಂದರೆ ನೋಡುಗ ಕೇಳುವುದಿಲ್ಲ.

ನೋಡುಗರೇ ಹಳೆಯ ಮುಖ ಬಯಸುತ್ತಾರೆ, ಅದನ್ನು ಕಾಪಾಡುವುದು ನಟರ ವೃತ್ತಿಧರ್ಮ ಎಂಬ ಇನ್ನೊಂದು ವಾದವುಂಟು. ಬಯಕೆ ನಿಜ. ಆದರೆ ಆ ಬಯಕೆಯನ್ನು ಸಾಕಿದವರು ಯಾರು? ಬದಲಾವಣೆಯನ್ನು ಒಂದು ಸಲವೂ ಹೆಸರಿಸದೆ ಬಚ್ಚಿಟ್ಟಾಗ, ಅದು ಹೊರಬಿದ್ದ ದಿನ ಆರೋಪದ ರೂಪದಲ್ಲೇ ಬರುತ್ತದೆ. 'ಸ್ಟ್ರೇಂಜರ್ ಥಿಂಗ್ಸ್'ನಿಂದ ಹನ್ನೆರಡರಲ್ಲಿ ಪ್ರಸಿದ್ಧಿಗೆ ಬಂದ ಮಿಲ್ಲಿ ಬಾಬಿ ಬ್ರೌನ್ ಇಪ್ಪತ್ತೊಂದರ ಹರೆಯದಲ್ಲಿ, 2025ರ ಮಾರ್ಚಿನಲ್ಲಿ, ತನ್ನ ರೂಪ ವಯಸ್ಸಿಗಿಂತ ಮಾಗಿದೆ ಎಂದು ಬರೆದ ಪತ್ರಕರ್ತರನ್ನು ಹೆಸರು ಹಿಡಿದು ಕರೆದು ಇದು ಪೀಡನೆ ಎಂದು ಹೇಳಬೇಕಾಯಿತು. ಆಕೆಯ ಅಪರಾಧ ಬೆಳೆದದ್ದು. ಅದೇ ಮಾಧ್ಯಮದಲ್ಲಿ ಬೆಳೆಯುವುದನ್ನೇ ಕಾದು ನೋಡಿದ ಕೃತಿಯೊಂದಿದೆ. ಬ್ರಿಟನ್ನಿನ ಗ್ರನಾಡಾ ಟೆಲಿವಿಷನ್ 1964ರಲ್ಲಿ ಏಳು ವರ್ಷದ ಮಕ್ಕಳನ್ನು ಮಾತಾಡಿಸಿ 'ಸೆವೆನ್ ಅಪ್' ಮಾಡಿತು. ಆಮೇಲೆ ಮೈಕಲ್ ಆಪ್ಟೆಡ್ ಏಳು ವರ್ಷಕ್ಕೊಮ್ಮೆ ಅವರ ಬಳಿಗೆ ಹೋದರು, 2019ರಲ್ಲಿ ಅವರಿಗೆ ಅರವತ್ತಮೂರು ಆಗುವವರೆಗೆ. ಬೊಕ್ಕತಲೆ, ಬೊಜ್ಜು, ಬಿದ್ದ ಹಲ್ಲು ಅಲ್ಲಿ ದೋಷವಾಗಿ ಕಾಣುವುದೇ ಇಲ್ಲ, ಏಕೆಂದರೆ ಕೃತಿಯೇ ಅವುಗಳ ಬಗ್ಗೆ ಮಾತಾಡುತ್ತಿದೆ. ಅದು ಸಾಕ್ಷ್ಯಚಿತ್ರ, ಹೋಲಿಕೆ ಸಲ್ಲದು ಎನ್ನಬಹುದು. ಬ್ರಿಟನ್ನಿನದೇ 'ಕಾರೊನೇಷನ್ ಸ್ಟ್ರೀಟ್' ಕಟ್ಟುಕಥೆ. 1960ರ ಡಿಸೆಂಬರಿನ ಮೊದಲ ಕಂತಿನಲ್ಲಿ ಕಾಲೇಜು ಹುಡುಗನಾಗಿ ಬಂದ ವಿಲಿಯಂ ರೋಚ್ ಅದೇ ಕೆನ್ ಬಾರ್ಲೋ ಆಗಿ ತೊಂಬತ್ತರ ಆಚೆಗೂ ಉಳಿದರು, ಕಥೆಯ ಕೆನ್ ಅವರೊಟ್ಟಿಗೇ ಮುದುಕನಾದ.

ಈಗ ಮುಚ್ಚುವುದಕ್ಕೆ ಸೋಫಾ, ಕೋಟು ಬೇಡ, ಕಂಪ್ಯೂಟರ್ ಸಾಕು. 2020ರಲ್ಲಿ 'ದ ಮ್ಯಾಂಡಲೋರಿಯನ್' ಸರಣಿ ಅರವತ್ತೊಂಬತ್ತರ ಮಾರ್ಕ್ ಹ್ಯಾಮಿಲ್ ಅವರಿಗೆ ಅವರ ಹಳೆಯ ಯುವ ಮುಖವನ್ನೇ ಕೂರಿಸಿತು. ತುಟಿ ಸರಿ, ಕಣ್ಣು ಸರಿ, ನಡುವೆ ಏನೋ ಸತ್ತಿತ್ತು. ಅದು ತಂತ್ರದ ಕೊರತೆ, ಬರುಬರುತ್ತ ನೀಗೀತು; ಆದ್ದರಿಂದ ಈ ಚರ್ಚೆಯೇ ಹಳತಾಯಿತು ಎಂಬುದು ಮೂರನೇ ಆಕ್ಷೇಪಣೆ. ತಂತ್ರ ಸುಧಾರಿಸಿದಷ್ಟೂ ಪ್ರಶ್ನೆ ಹರಿತವಾಗುತ್ತದೆ ಎಂದು ನನ್ನ ಅನಿಸಿಕೆ. ಮೊದಲ ಸೀಸನ್ನಿನ ಮುಖವನ್ನು ಕಡತದಲ್ಲಿ ಇಟ್ಟುಕೊಂಡ ನಿರ್ಮಾಪಕನಿಗೆ ಹತ್ತನೇ ಸೀಸನ್ನಿನ ದೇಹ ಬಾಡಿಗೆಯ ಚೌಕಟ್ಟು ಮಾತ್ರ. 2023ರಲ್ಲಿ ಅಮೆರಿಕದ ನಟರ ಸಂಘ 118 ದಿನ ಮುಷ್ಕರ ಹೂಡಿದಾಗ ಡಿಜಿಟಲ್ ಪ್ರತಿರೂಪಕ್ಕೆ ನಟರ ಒಪ್ಪಿಗೆ ಮತ್ತು ಸಂಭಾವನೆ ಬೇಕು ಎಂಬುದು ಮುಖ್ಯ ಬೇಡಿಕೆಗಳಲ್ಲಿ ಒಂದಾಗಿತ್ತು, ಒಪ್ಪಂದದಲ್ಲಿ ಅದು ಸೇರಿತು. ಬೆಂಗಳೂರಿನ ಧಾರಾವಾಹಿ ಸೆಟ್ಟುಗಳಿಗೆ ಇದೆಲ್ಲ ದೂರದ ಮಾತು ಎನ್ನುವಂತಿಲ್ಲ. ಚರ್ಮ ನುಣುಪು ಮಾಡುವ ಫಿಲ್ಟರು ಪ್ರತಿಯೊಬ್ಬರ ಫೋನಿನಲ್ಲೇ ಇದೆ, ಎಡಿಟಿಂಗ್ ಟೇಬಲ್ಲಿಗೆ ಅದು ಇನ್ನಷ್ಟು ಅಗ್ಗ. ಇವತ್ತು ಹತ್ತೊಂಬತ್ತರಲ್ಲಿ ನಾಯಕಿಯಾಗಿ ಕರಾರಿಗೆ ಸಹಿ ಹಾಕುವ ಹುಡುಗಿ ಕಾಲ್‌ಶೀಟ್, ಸಂಭಾವನೆಗಳ ಜೊತೆಗೆ, ಮುಖ ಯಾರ ಸ್ವತ್ತು ಎಂದು ಬರೆದ ಸಾಲು ಅದರಲ್ಲಿ ಎಲ್ಲಿದೆ ಎಂದೂ ಹುಡುಕಬೇಕಾಗಿದೆ.